ಬಳೆ ಏರಿಸುವ ಮೊದಲು ಕೈ ನೋಡುವ ನೀಲಗಂಗಮ್ಮ

ಕಂಪ್ಲಿಯ ಕಾಲುವೆ ಪಕ್ಕದ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಿಂದ ಮೊದಲ ಬಸ್ಸಿಗೇ ಬಂದ ಬಳೆಗಾರ್ತಿ ನೀಲಗಂಗಮ್ಮ ಜಗುಲಿ ಮೇಲೆ ಬಳೆ ಪೋಣಿಸಿದ ಮಲಾರ ಬಿಚ್ಚಿ ಕೂತಿದ್ದಾರೆ. ವಯಸ್ಸು ಐವತ್ತೆಂಟು, ಬಾಯಿ ಮಾತ್ರ ಹದಿನೆಂಟರದು. ಇವತ್ತು ಈ ಮನೆಯ ಏಳು ತಿಂಗಳ ಬಸುರಿ ಗಂಗಾಂಬಿಕಾಗೆ ಕುಬಸ, ಅಂದರೆ ಸೀಮಂತ. ಅವಳಿಗೆ ಹಸಿರು ಬಳೆ ಏರುವ ತನಕ ಉಳಿದವರು ತೊಡುವಂತಿಲ್ಲ. ನಾಟಿಗೆ ಹೊರಟ ಹೆಂಗಸರೆಲ್ಲ ಬುತ್ತಿ ಹಿಡಿದು ಕಾಯುತ್ತಿದ್ದಾರೆ.

"ಕೈ ಸಡ್ಲ ಬಿಡವ್ವಾ, ನಾನೇನು ಕಸ್ಕೊಂಡು ಹೋಗಂಗಿಲ್ಲ" ಎಂದು ನೀಲಗಂಗಮ್ಮ ಒತ್ತುತ್ತಾರೆ. ಗಂಗಾಂಬಿಕಾಳ ಬೆರಳು ಸೆಟೆದು ಹೆಬ್ಬೆರಳು ಒಳಕ್ಕೆ ಮಡಚಿಕೊಳ್ಳುತ್ತದೆ. "ನಾಚ್ಕಿರಿ ಆಕೀಗೆ, ಏರಿಸ್ರಿ" ಎನ್ನುತ್ತಾರೆ ಅತ್ತೆ. ನೀಲಗಂಗಮ್ಮ ಬಳೆ ಕೆಳಗಿಡುತ್ತಾರೆ.

ಗಂಡ ಕೊಟ್ರಯ್ಯ ಸೊಂಟ ಹಿಡಿದು ಮನೆಯಲ್ಲಿ ಕೂತ ಮೇಲೆ ಮಲಾರ ಇವರ ಹೆಗಲಿಗೆ ಬಂದು ಇಪ್ಪತ್ತಾರು ವರ್ಷ. ದಿನಕ್ಕೆ ನಲವತ್ತು ಕೈಯಾದರೂ ಹಿಡಿಯುತ್ತಾರೆ. ಹಿಂದೊಮ್ಮೆ ಇನ್ನೊಬ್ಬ ಬಸುರಿಯ ಕೈ ಹೀಗೇ ಸೆಟೆದಾಗ ಹಟಮಾರಿ ಎಂದು ಬೈದಿದ್ದರು. ವಾರದಲ್ಲೇ ಅವಳು ಸೆಳೆತ ಬಂದು ಆಸ್ಪತ್ರೆ ಸೇರಿದಳು. ಕ್ಯಾಲ್ಸಿಯಂ ತೀರಾ ಕಡಿಮೆಯಾಗಿತ್ತು. "ಪುಣ್ಯಕ್ಕ ಉಳಿದ್ಲು. ಆಕಿ ಅತ್ತದ್ದು ಇನ್ನೂ ಕಾಡ್ತೈತ್ರಿ" ಎನ್ನುವಾಗ ದನಿ ಇಳಿಯುತ್ತದೆ. ಆಗಲೇ ಆ ಆಸ್ಪತ್ರೆಯ ನರ್ಸ್ ಶ್ರೀವಾಣಿಯವರನ್ನು ಹಿಡಿದು ಕೂರಿಸಿಕೊಂಡು ಎಲ್ಲ ಕೇಳಿಕೊಂಡರು. ಹಾಲು, ರಾಗಿ, ಸೊಪ್ಪು ಸಾಲದಿದ್ದರೆ, ಮೈಗೆ ಬಿಸಿಲು ಬೀಳದಿದ್ದರೆ ಕೊರತೆಯಾಗುತ್ತದೆ. ಬಸುರಿಯಲ್ಲಿ ಕೂಸೂ ತನ್ನ ಪಾಲು ಎಳೆದುಕೊಳ್ಳುತ್ತದೆ. ಬೆರಳು ಜುಮ್ಮೆನ್ನುತ್ತದೆ, ತುಟಿಯ ಸುತ್ತ ಮರಗಟ್ಟುತ್ತದೆ, ಮೀನಖಂಡ ಹಿಡಿಯುತ್ತದೆ, ಉಗುರು ಸೀಳುತ್ತದೆ.

"ದವಾಖಾನ್ಯಾಗ ಕೊಟ್ಟ ಕ್ಯಾಲ್ಸಿಯಂ ಗುಳಿಗಿ ನುಂಗ್ತಿಯೇನವ್ವಾ?" ಎಂದು ನೀಲಗಂಗಮ್ಮ ಈಗ ಕೇಳುತ್ತಾರೆ. ಗಂಗಾಂಬಿಕಾ ಅತ್ತೆಯ ಮುಖ ನೋಡುತ್ತಾಳೆ.

"ನಾನ ಬ್ಯಾಡಂದೀನಿ. ಕೂಸು ದಪ್ಪಾದ್ರ ಹೆರಿಗಿ ಕಷ್ಟ ಅಂತಾರಲ್ರಿ" ಎನ್ನುತ್ತಾರೆ ಅತ್ತೆ.

"ಹಂಗೇನಿಲ್ಲ ತಗೀರಿ. ಮೊದ್ಲು ದವಾಖಾನಿ, ಆಮ್ಯಾಲೆ ಬಳಿ. ಅಲ್ಲೀತನಕ ನಾ ಏಳಂಗಿಲ್ಲ."

ಕುಬಸದ ದಿನ ಬಸುರಿಯನ್ನು ಬರಿಗೈಯಲ್ಲಿ ಕೂರಿಸುವುದುಂಟೇ? ಕಾದ ಹೆಂಗಸರು ಗೊಣಗುತ್ತಾ ಗದ್ದೆಗೆ ನಡೆಯುತ್ತಾರೆ. ಅತ್ತೆ ಗೊಣಗುತ್ತಲೇ ಆಟೊ ಕರೆಸುತ್ತಾರೆ.

ಮಧ್ಯಾಹ್ನ ಆಟೊ ಮರಳಿದಾಗ ಅತ್ತೆಯ ಕೈಯಲ್ಲಿ ಗುಳಿಗೆಯ ಚೀಟಿ. "ಕ್ಯಾಲ್ಸಿಯಂ ಭಾಳ ಇಳಿದಿತ್ತಂತ್ರಿ. ಸೂಜಿ ಹಾಕಿದ್ರು, ಇನ್ನ ದಿನಾ ಗುಳಿಗಿ ನುಂಗಬೇಕಂತ. ಕೂಸು ಆರಾಮ ಐತಿ" ಎಂದು ಸೊಸೆಯನ್ನು ತಾವೇ ಕೈಹಿಡಿದು ಕೂರಿಸುತ್ತಾರೆ. ಈ ಸಲ ಹಸಿರು ಬಳೆ ಸಲೀಸಾಗಿ ಏರುತ್ತದೆ. ಓಣಿಗೆಲ್ಲ ಕೇಳುವಂತೆ ನಗು.

ನಿಮಗೇನು ಆಸೆ ಎಂದು ನಾವು ಕೇಳಿದರೆ ನೀಲಗಂಗಮ್ಮ ಮಲಾರದ ತುದಿಯಲ್ಲಿದ್ದ, ಎರಡು ಬೆರಳು ತೂರುವಷ್ಟೇ ಅಳತೆಯ ಕರಿಬಳೆ ಜೋಡಿಯನ್ನು ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾರೆ.

"ಇವು ಇನ್ನ ಮಾರಂಗಿಲ್ಲ. ಎರಡು ತಿಂಗಳಿಗೆ ಈ ಮನಿಗೆ ಬೇಕಾಗ್ತಾವು."