ಗಾಲಿಯೊಳಗಿನ ಗಾದಿ

ನನ್ನ ಬಲಗೈ ಮಣಿಕಟ್ಟು ಮುರಿದದ್ದು ಅಂಬಿಕಾನಗರದ ಕಡೆಯಿಂದ ಇಳಿದು ಬರುವಾಗ, ಒಂದು ಭಾನುವಾರ ಬೆಳಿಗ್ಗೆ. ಪ್ರಾಣಿ ಅಡ್ಡ ಬಂದಿರಲಿಲ್ಲ, ಲಾರಿ ಗುದ್ದಿರಲಿಲ್ಲ. ಡಾಂಬರು ಬಿಟ್ಟು ಪಕ್ಕದ ಮಣ್ಣಿನ ಹಾದಿಗೆ ಸೈಕಲ್ ಇಳಿಸಿದ್ದೆ. ಒದ್ದೆ ಬೇರಿನ ಮೇಲೆ ಮುಂದಿನ ಗಾಲಿ ಜಾರಿತು. ಕೈ ಊರಿ ಬಿದ್ದೆ. ಅಷ್ಟೇ.

ನಾನು ದಾಂಡೇಲಿಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ತವರು ಸಾಂಬ್ರಾಣಿ, ಅಪ್ಪನ ದೊಡ್ಡ ಸೈಕಲ್ಲಿನ ಡಂಡಿಯ ಕೆಳಗೆ ಕಾಲು ತೂರಿಸಿ ಸೈಕಲ್ ಕಲಿತವಳು. ಮದುವೆಯಾದ ಮೇಲೆ ಬಿಟ್ಟುಹೋಗಿದ್ದ ಆ ಅಭ್ಯಾಸ ನಲವತ್ತು ದಾಟಿದ ಮೇಲೆ ಮತ್ತೆ ಹತ್ತಿಕೊಂಡಿತು. ಅಂಬಿಕಾನಗರದ ಕಾಲೊನಿಯಲ್ಲಿದ್ದ ಒಬ್ಬ ಎಂಜಿನಿಯರಿಗೆ ವರ್ಗವಾಗಿ, ಅವರ ಮೌಂಟನ್ ಬೈಕನ್ನು ನಾನು ತೆಗೆದುಕೊಂಡೆ. ದಪ್ಪ ಟೈರಿನ, ಗುಡ್ಡ ಹತ್ತುವ ಸೈಕಲ್ಲು. ಅದರ ಟೈರಿನಲ್ಲಿ ಟ್ಯೂಬ್ ಇರಲಿಲ್ಲ. ಕಾರಿನ ಟೈರಿನಂತೆ ಗಾಳಿ ನೇರವಾಗಿ ಟೈರಿನಲ್ಲೇ ನಿಲ್ಲುತ್ತಿತ್ತು, ಒಳಗೆ ಹಾಲಿನಂಥ ಒಂದು ದ್ರವ ಓಡಾಡುತ್ತಿತ್ತು. ಮುಳ್ಳು ಚುಚ್ಚಿದರೆ ಆ ಹಾಲು ತೂತಿಗೆ ನುಗ್ಗಿ ಗಟ್ಟಿಯಾಗಿ ಮುಚ್ಚಿಬಿಡುತ್ತದೆ. ಬಿದಿರು ಮುಳ್ಳಿನ ಈ ಸೀಮೆಗೆ ಹೇಳಿ ಮಾಡಿಸಿದ ಹಾಗಿತ್ತು.

ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು, "ಇನ್ನ ಸೈಕಲ್ ಸಾಕ್ ಮಾಡ್ರಿ, ವಾಕಿಂಗ್ ಹೋಗ್ರಿ" ಎಂದರು. ನನ್ನ ಗಂಡ ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಎರಡು ತಿಂಗಳು ವಾಕಿಂಗ್ ಹೋದೆ. ಮೂರನೇ ತಿಂಗಳು ಸೈಕಲ್ಲಿನ ಧೂಳು ಒರೆಸಿದೆ.

ಡಾಂಬರಿನ ಮೇಲೆ ಕೈಗೆ ಏನೂ ಆಗುತ್ತಿರಲಿಲ್ಲ. ಜಲ್ಲಿಕಲ್ಲಿನ ಖಡಿ ರಸ್ತೆಗೆ ಇಳಿದರೆ ಅರ್ಧ ತಾಸಿನಲ್ಲಿ ಮಣಿಕಟ್ಟು ಸಿಡಿಯತೊಡಗುತ್ತಿತ್ತು. ಮನೆಗೆ ಬಂದರೆ ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ, ಶಾಲೆಯಲ್ಲಿ ಗುಂಡು ಎಸೆಯುವುದನ್ನು ಎಡಗೈಯಿಂದ ತೋರಿಸುತ್ತಿದ್ದೆ. ಟೈರಿನ ಗಾಳಿ ಸ್ವಲ್ಪ ಸ್ವಲ್ಪವೇ ಇಳಿಸಿ ನೋಡಿದೆ. ಇಳಿಸಿದಷ್ಟೂ ನೆಲ ಮೆತ್ತಗಾಯಿತು, ಕೈ ಸುಮ್ಮನಾಯಿತು. ಆದರೆ ಗಾಳಿ ಕಡಿಮೆಯಾದರೆ ಕಲ್ಲಿನ ಪೆಟ್ಟು ಟೈರು ದಾಟಿ ರಿಮ್ಮಿಗೇ ಬೀಳುತ್ತದೆ. ಹದಿನೈದು ದಿನದಲ್ಲಿ ಹಿಂದಿನ ರಿಮ್ಮು ಒಂದು ಕಡೆ ನೆಗ್ಗಿತು. ಇನ್ನೊಂದು ಸಲ ತಿರುವಿನಲ್ಲಿ ಟೈರು ರಿಮ್ಮಿನಿಂದ ಸರಿದು, ಬುಸ್ ಎಂದು ಗಾಳಿಯನ್ನೂ ಹಾಲನ್ನೂ ಒಟ್ಟಿಗೆ ಉಗುಳಿತು.

ಸೈಕಲ್ ಕೊಟ್ಟ ಎಂಜಿನಿಯರಿಗೆ ಫೋನ್ ಮಾಡಿದೆ. ಅವರು ಮೈಸೂರು ಕಡೆಯವರು. "ಟೈರ್ ಒಳಗೆ ಫೋಮ್ ಹಾಕ್ಸಿ ಮೇಡಂ. ರಿಮ್ ಸುತ್ತ ಒಂದು ಬಳೆ ಥರ ಕೂತ್ಕೊಳತ್ತೆ. ಗಾಳಿ ಕಮ್ಮಿ ಇದ್ರೂ ಕಲ್ಲು ರಿಮ್ಮಿಗೆ ತಾಗಲ್ಲ, ಟೈರೂ ಸರಿಯಲ್ಲ" ಎಂದರು. ಒಂದು ಫೋಟೋನೂ ಕಳಿಸಿದರು.

ಆ ಫೋಟೋ ಹಿಡಿದುಕೊಂಡು, ಊರೆಲ್ಲ ಚಾಚಾ ಎಂದು ಕರೆಯುವವರ ಪಂಚರ್ ಅಂಗಡಿಗೆ ಹೋದೆ. ಹಳಿಯಾಳ ರಸ್ತೆಯಲ್ಲಿ ಅವರ ಅಂಗಡಿ. ಕಟ್ಟಿಗೆ ಲಾರಿಗಳು ಸಾಲುಗಟ್ಟಿ ಓಡಾಡುತ್ತಿದ್ದ ಕಾಲದಿಂದ ಅಲ್ಲಿ ಕೂತವರು. ಅರವತ್ತು ದಾಟಿದ್ದರೂ ಲಾರಿ ಟೈರನ್ನು ಕಾಲಲ್ಲೇ ಉರುಳಿಸಿ ಮಲಗಿಸುತ್ತಾರೆ. ಊರಲ್ಲಿ ಬೇರೆ ಯಾರೂ ನನ್ನ ಟೈರನ್ನು ಮುಟ್ಟಲು ಒಪ್ಪದಿದ್ದಾಗ "ತರ್ರಿ, ನೋಡೂಣು" ಎಂದವರು ಅವರೊಬ್ಬರೇ.

ಚಾಚಾ ಕನ್ನಡಕ ಏರಿಸಿ ಫೋಟೋ ನೋಡಿದರು. "ಅಲ್ರಿ ಅಕ್ಕೋರ, ಮದ್ಲ ಟ್ಯೂಬ್ ಬ್ಯಾಡ ಅಂದ್ರಿ. ಈಗ ಗಾಲಿ ಒಳಗ ಗಾದಿ ಹಾಸು ಅಂತೀರಿ?"

"ಹಾಸಾಕ ಬರತೈತೇನ್ರಿ?"

"ಬರದ ಏನು. ನಮ್ಮ ಅಳಿಯಂದ ಗಾದಿ ಅಂಗಡಿನ ಐತಲ್ಲ."

ಅಳಿಯನ ಅಂಗಡಿಯಿಂದ ಹಾಸಿಗೆಯ ಫೋಮಿನ ಉದ್ದನೆಯ ಪಟ್ಟಿ ಕತ್ತರಿಸಿ ತಂದು, ತುದಿಗೆ ತುದಿ ಅಂಟಿಸಿ ಬಳೆ ಮಾಡಿದರು. ಮೆತ್ತಗಿದ್ದದ್ದರಿಂದ ಸುಲಭವಾಗಿ ಒಳಗೆ ಹೋಯಿತು. ಮೊದಲ ದಿನ ನನಗೆ ಸ್ವರ್ಗ ಸಿಕ್ಕ ಹಾಗೆ ಆಯಿತು. ನಾಲ್ಕನೇ ದಿನ ಎರಡೂ ಗಾಲಿ ಚಪ್ಪಟೆ. ಚಾಚಾ ಟೈರು ಬಿಚ್ಚಿದರೆ ಒಳಗೆ ಹಾಲಿನ ಒಂದು ಹನಿಯೂ ಇಲ್ಲ. ಫೋಮನ್ನು ಹೊರಗೆ ತೆಗೆದು ನೆಲ ಒರೆಸುವ ಬಟ್ಟೆಯಂತೆ ಹಿಂಡಿದರು. ಬೆಳ್ಳಗೆ ಸುರಿಯಿತು. ಹುಳಿ ವಾಸನೆಗೆ ಇಬ್ಬರೂ ಮೂಗು ಮುಚ್ಚಿಕೊಂಡೆವು.

"ನಿಮ್ಮ ಹಾಲೆಲ್ಲಾ ಗಾದಿನ ಕುಡದೈತ್ರಿ" ಎಂದು ಚಾಚಾ ನಕ್ಕರು. ನನಗೂ ನಗು ಬಂತು.

ಆಮೇಲೆ ಸರಿಯಾದದ್ದನ್ನೇ ತರಿಸಿದೆ. ಕೊರಿಯರಿನಲ್ಲಿ ಬಂದ ಡಬ್ಬಿಯಲ್ಲಿ ಎರಡು ಹಸಿರು ಬಳೆಗಳಿದ್ದವು. ಹವಾಯಿ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿ, ಕೈಯಲ್ಲಿ ಹಿಡಿದರೆ ಹಗುರ. ಫೋಮು ಅಡ್ಡ ಬಂದು ಗಾಳಿಯ ದಾರಿ ಕಟ್ಟಬಾರದೆಂದು ಮಗ್ಗುಲಲ್ಲಿ ತೂತುಗಳಿದ್ದ ಎರಡು ವಾಲ್ವೂ ಇದ್ದವು. ಚಾಚಾ ಒಂದು ಬಳೆಯನ್ನು ಪಂಚರ್ ನೋಡುವ ನೀರಿನ ಕಬ್ಬಿಣದ ಬುಟ್ಟಿಯಲ್ಲಿ ಅದ್ದಿ, ಮೈಭಾರ ಹಾಕಿ ಒತ್ತಿ ಹಿಡಿದು, ಹೊರಗೆ ತೆಗೆದು ಜಾಡಿಸಿದರು. ನೀರೆಲ್ಲ ಜಾರಿಹೋಯಿತು.

"ಇದು ಕುಡಿಯೂದಿಲ್ಲ. ಬರೋಬರ್ ಐತಿ" ಎಂದರು.

ಅದು ಶನಿವಾರ, ಬೆಳಗಿನ ಶಾಲೆ ಮುಗಿದಿತ್ತು. ಟೈರಿನ ಒಂದು ಅಂಚು ರಿಮ್ಮಿನಲ್ಲಿ ಕೂತಿತು. ಬಳೆಯೂ ಒಳಗೆ ಹೋಯಿತು. ಎರಡನೇ ಅಂಚು ಮಾತ್ರ ಮುಕ್ಕಾಲು ಪಾಲು ಹೋಗಿ, ಕೊನೆಯ ಒಂದು ಗೇಣು ನಿಂತುಬಿಟ್ಟಿತು. ಚಾಚಾ ಸಾಬೂನು ನೀರು ಹಚ್ಚಿದರು. ಎರಡು ಲಿವರ್ ಹಾಕಿ ಮೀಟಿದರು. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ನಾನು ಹಿಡಿಯಲು ಹೋದರೆ ನನ್ನ ಮುಂಗೈ ಒಂದು ಕ್ಷಣವೂ ತಡೆಯಲಿಲ್ಲ. ಟೈರು ಬದಲಿಸಲು ಕಾಯುತ್ತಿದ್ದ ಲಾರಿ ಡ್ರೈವರೊಬ್ಬ ಬೀಡಿ ಸೇದುತ್ತಾ ನೋಡುತ್ತಿದ್ದ.

"ಏನ್ ಚಾಚಾ, ಲಾರಿ ಟೈರ್ ಏರಸೋ ಕೈಗೆ ಸೈಕಲ್ ಟೈರ್ ಹತ್ತವಲ್ದೇನು?" ಎಂದ.

ಚಾಚಾ ಎರಡೂ ಲಿವರುಗಳನ್ನು ಕೆಳಗಿಟ್ಟರು. ನನ್ನ ಮುಖ ನೋಡದೆ, "ಗಾಡಿ ಇಲ್ಲೇ ಬಿಟ್ಟ ಹೋಗ್ರಿ" ಎಂದರು. ನಾನು ಆಟೋ ಹತ್ತಿ ಮನೆಗೆ ಬಂದೆ.

ಭಾನುವಾರ ಫೋನ್ ಇಲ್ಲ, ಸೋಮವಾರವೂ ಇಲ್ಲ. ಗಿರಾಕಿಯ ಮುಂದೆ ಆ ಮನುಷ್ಯನ ಮರ್ಯಾದೆ ತೆಗೆದೆನಲ್ಲ ಎಂದು ನನಗೆ ಕಸಿವಿಸಿಯಾಗುತ್ತಿತ್ತು. ನಾನೇ ಫೋನ್ ಮಾಡಲು ಧೈರ್ಯ ಬರಲಿಲ್ಲ. ಮಂಗಳವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರದೇ ಫೋನ್ ಬಂತು.

"ಅಕ್ಕೋರ, ಶಾಲಿ ಬಿಟ್ಟ ಮ್ಯಾಲೆ ಬರ್ರಿ. ಇನ್ನೂ ಹಾಕಿಲ್ಲ. ನಿಮ್ಮ ಎದರಿಗೇ ಹಾಕ್ತೇನಿ."

ಹೋದಾಗ ಗಾಲಿಯನ್ನು ಗೋಣಿಚೀಲದ ಮೇಲೆ ಮಲಗಿಸಿಟ್ಟಿದ್ದರು. ಎರಡು ದಿನ ಗಿರಾಕಿ ಇಲ್ಲದ ಹೊತ್ತಲ್ಲಿ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ್ದರಂತೆ. "ನಾವು ಬಿಗಿ ಇದ್ದ ಕಡೆನ ಬಡದಾಡಿದ್ವಿ. ತಪ್ಪ ಎದರಿನ ಕಡೆ ಇತ್ತು" ಎಂದು ತೋರಿಸಿದರು. ರಿಮ್ಮಿನ ನಡುವೆ ಸಣ್ಣ ಕಾಲುವೆಯಂಥ ತಗ್ಗು ಇರುತ್ತದೆ. ಟೈರಿನ ಅಂಚು ಆ ತಗ್ಗಿಗೆ ಇಳಿದರೆ ಎದುರಿನ ಕಡೆ ಸಡಿಲು ಸಿಗುತ್ತದೆ. ನಮ್ಮದು ಫೋಮಿನ ಮೇಲೆಯೇ ಕೂತಿತ್ತು, ತಗ್ಗಿಗೆ ಇಳಿದೇ ಇರಲಿಲ್ಲ.

"ಕೈ ಬ್ಯಾಡ್ರಿ. ಮೊಣಕಾಲ ಊರ್ರಿ ಇಲ್ಲೆ."

ನಾನು ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಟೈರಿನ ಮೇಲೆ ಮೊಣಕಾಲೂರಿದೆ. ಫೋಮು ಕುಗ್ಗಿ ಅಂಚು ತಗ್ಗಿಗೆ ಇಳಿಯಿತು. ಅದು ಮತ್ತೆ ಏಳದಂತೆ ಚಾಚಾ ಅಲ್ಲಿ ಒಂದು ಬೆಲ್ಟು ಬಿಗಿದರು. ನಿಧಾನವಾಗಿ ಎರಡೂ ಕಡೆಯಿಂದ ಅಂಚನ್ನು ಒತ್ತುತ್ತಾ ಬಂದರು. ಕೊನೆಯ ಗೇಣು ಹೆಬ್ಬೆರಳಿಗೇ ಜಾರಿ ಒಳಗೆ ಹೋಯಿತು. ಹಾಲು ಹಾಕಿ ಕಂಪ್ರೆಸರ್ ಹಚ್ಚಿದಾಗ ಟೈರು ಟಪ್, ಟಪ್ ಎಂದು ಎರಡು ಸಲ ಸದ್ದು ಮಾಡಿ ಬಿಗಿಯಾಗಿ ಕೂತಿತು. ಎರಡನೇ ಗಾಲಿಯೂ ಹಾಗೇ ಆಯಿತು. ಚಾಚಾ ಒರೆಸುವ ಬಟ್ಟೆಯಿಂದ ರಿಮ್ಮನ್ನು ಸುತ್ತಲೂ ಒರೆಸಿದರು. ಅಷ್ಟು ಚೊಕ್ಕವಾಗಿ ಒರೆಸುವ ಅಗತ್ಯ ಇರಲಿಲ್ಲ.

ಆ ಮೇಲಿನ ತಿಂಗಳುಗಳಲ್ಲಿ ನಾನು ಮೊದಲಿಗಿಂತ ದೂರ ಹೋಗತೊಡಗಿದೆ. ಗಾಲಿ ತುಸು ಭಾರವಾಗಿತ್ತು, ಏರಿನಲ್ಲಿ ಗೊತ್ತಾಗುತ್ತಿತ್ತು. ಕಲ್ಲಿನ ಪೆಟ್ಟು ಮಾತ್ರ ಠಣ್ ಎನ್ನುವ ಬದಲು ಧಪ್ ಎನ್ನುತ್ತಿತ್ತು. ನನ್ನ ಗಂಡ ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದರು. ನಾನು ಮತ್ತೆ ಬಿದ್ದರೆ ಎತ್ತಲು ಒಬ್ಬರು ಬೇಕೆಂಬುದು ಅವರ ವಾದ. ಅವರ ಭಯ ನನಗೆ ಅರ್ಥವಾಗುತ್ತಿತ್ತು. ಆದರೂ ಬೆನ್ನ ಹಿಂದೆ ಸ್ಕೂಟರಿನ ಸದ್ದು ಕೇಳುತ್ತಾ ಕಾಡಿನ ರಸ್ತೆಯಲ್ಲಿ ಹೋಗುವುದು ಹಿತವೆನಿಸುತ್ತಿರಲಿಲ್ಲ.

ಒಂದು ಭಾನುವಾರ ಅವರು ಮುಂಡಗೋಡಿನ ತಮ್ಮ ಅಕ್ಕನ ಮನೆಗೆ ಹೊರಟರು. "ನೀ ಇವತ್ತ ಎಲ್ಲಿ ಹೋಗ್ತಿ?" ಎಂದು ಕೇಳಿದರು. "ಇಲ್ಲೇ, ಹೊಳಿತನಕ ಹೋಗಿ ಬರ್ತೇನಿ" ಎಂದೆ. ಹೇಳುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು.

ಗಣೇಶಗುಡಿ ದಾಟಿ ಜೋಯಿಡಾ ಕಡೆಗೆ ಹೋದೆ. ಅಲ್ಲಿ ಮುಖ್ಯ ರಸ್ತೆ ಬಿಟ್ಟು, ಹಳ್ಳಿಯೊಂದಕ್ಕೆ ಹೋಗುವ ಕೆಂಪು ಮಣ್ಣಿನ ದಾರಿ ಹಿಡಿದೆ. ಏಳೆಂಟು ಕಿಲೋಮೀಟರ್ ಒಳಗೆ ಹೋಗಿ ತಿರುಗಿ ಬರುವಾಗ, ರಸ್ತೆಗೆ ಸುರಿದಿದ್ದ ಒಡೆದ ಕಲ್ಲೊಂದು ಹಿಂದಿನ ಟೈರಿನ ಮಗ್ಗುಲನ್ನು ಸೀಳಿತು. ಎರಡು ಬೆರಳು ಉದ್ದದ ಸೀಳು. ಹಾಲು ಹೊರಗೆ ಹರಿಯಿತೇ ಹೊರತು ಅಷ್ಟು ದೊಡ್ಡ ಬಾಯನ್ನು ಮುಚ್ಚಲು ಅದರಿಂದಾಗಲಿಲ್ಲ.

ಇಂಥ ಹೊತ್ತಿಗೆಂದು ಚೀಲದಲ್ಲಿ ಒಂದು ಟ್ಯೂಬ್ ಇತ್ತು. ಅದನ್ನು ಹಾಕಬೇಕಾದರೆ ಟೈರು ಬಿಚ್ಚಿ ಫೋಮನ್ನು ಹೊರಗೆ ಎಳೆಯಬೇಕು. ರಸ್ತೆಬದಿಯಲ್ಲಿ ಕೂತು ಮುಕ್ಕಾಲು ತಾಸು ಒದ್ದಾಡಿದೆ. ಲಿವರು ಒತ್ತಿದಾಗಲೆಲ್ಲ ಮುಂಗೈಯಲ್ಲಿ ಚಳುಕು ಹೊಡೆಯುತ್ತಿತ್ತು. ಟೈರು ಅಲ್ಲಾಡಲಿಲ್ಲ. ಮೊಬೈಲಿನಲ್ಲಿ ನೆಟ್‌ವರ್ಕ್ ಇಲ್ಲ. ಒಂದು ದನವೂ ಆ ದಾರಿಯಲ್ಲಿ ಬರಲಿಲ್ಲ. ಆಗ ನನಗೆ ಅಳು ಬಂತು, ನೋವಿಗಿಂತ ಹೆಚ್ಚಾಗಿ ನನ್ನ ಮೇಲಿನ ಸಿಟ್ಟಿಗೆ. ಅತ್ತು ಮುಗಿದ ಮೇಲೆ ನೀರು ಕುಡಿದು, ಹಾಗೇ ಹತ್ತಿದೆ.

ಗಾಳಿಯಿಲ್ಲದ ಟೈರು ಫೋಮಿನ ಮೇಲೆ ಕೂತು ಉರುಳಿತು. ಉತ್ತ ಹೊಲದಲ್ಲಿ ಸೈಕಲ್ ಹೊಡೆದ ಹಾಗೆ, ಹಿಂದಿನ ಭಾಗ ಅತ್ತಿತ್ತ ತೊನೆಯುತ್ತಿತ್ತು. ಇಳಿಜಾರು ಬಂದಲ್ಲಿ ಇಳಿದು ನಡೆದೆ, ಸಮ ಇದ್ದಲ್ಲಿ ಮತ್ತೆ ಹತ್ತಿದೆ. ಕೊನೆಗೂ ಮುಖ್ಯ ರಸ್ತೆ ಸಿಕ್ಕಿತು. ಗಣೇಶಗುಡಿಯ ಹತ್ತಿರ ಮರದ ನೆರಳಲ್ಲಿ ಬೈಕ್ ನಿಲ್ಲಿಸಿಕೊಂಡಿದ್ದ ಫಾರೆಸ್ಟ್ ಗಾರ್ಡ್ ಒಬ್ಬರು ಕೂಗಿ ಹೇಳಿದರು:

"ಮೇಡಂ, ಹಿಂದಿನ ಗಾಲಿ ಪಂಚರ್ ಆಗೈತ್ರಿ!"

"ಗೊತ್ತೈತ್ರಿ."

"ಗೊತ್ತಿದ್ದೂ ಹೊಡ್ಯಾಕತ್ತೀರೇನು?"

"ಒಳಗ ಫೋಮ್ ಐತ್ರಿ" ಎಂದೆ. ಅವರಿಗೆ ಏನೂ ತಿಳಿಯಲಿಲ್ಲ. ಆದರೂ ಚಹಾ ಅಂಗಡಿಯವರೆಗೆ ಪಕ್ಕದಲ್ಲೇ ನಿಧಾನವಾಗಿ ಬೈಕ್ ಹೊಡೆದುಕೊಂಡು ಬಂದರು.

ಚಹಾ ಅಂಗಡಿಯಲ್ಲಿ ನೆಟ್‌ವರ್ಕ್ ಸಿಕ್ಕಿತು. ಗಂಡ ಆರು ಸಲ ಫೋನ್ ಮಾಡಿದ್ದರೆಂಬ ಮೆಸೇಜು ಬಂತು. ಮಾಡಿದೆ.

"ಎಲ್ಲಿದ್ದಿ?"

"ಗಣೇಶಗುಡ್ಯಾಗ. ಟೈರ್ ಹರದೈತಿ. ನಿಮಗ ಸುಳ್ಳ ಹೇಳಿ ಬಂದೇನಿ."

ಆ ಕಡೆ ಅವರ ಹಿಂದೆ ಯಾರೋ ಊಟಕ್ಕೆ ಕರೆಯುವುದು ಕೇಳಿಸುತ್ತಿತ್ತು.

"ಕೈ ಹೆಂಗೈತಿ?" ಎಂದು ಕೇಳಿದರು.

"ನೋಯ್ತೈತಿ. ಮುರದಿಲ್ಲ."

"ಅಲ್ಲೇ ಕೂಡು, ಬರ್ತೇನಿ" ಎಂದರು. ಬೇಡ, ಯಾವುದಾದರೂ ಗಾಡಿ ಹಿಡಿದು ಮನೆಗೆ ಹೋಗುತ್ತೇನೆ ಎಂದೆ. ಬೇಕರಿ ಮಾಲು ಹಾಕಿ ದಾಂಡೇಲಿಗೆ ಮರಳುತ್ತಿದ್ದ ಟೆಂಪೋವೊಂದನ್ನು ಅಂಗಡಿಯವರೇ ನಿಲ್ಲಿಸಿಕೊಟ್ಟರು. ಬ್ರೆಡ್ಡಿನ ಖಾಲಿ ಟ್ರೇಗಳ ಜೊತೆ ಸೈಕಲ್ ಹಾಕಿಕೊಂಡು ಊರಿಗೆ ಬಂದೆ. ಗಂಡ ಸಂಜೆಯ ಹೊತ್ತಿಗೆ ಬಂದರು. ಬೈಯಲಿಲ್ಲ. ಎರಡು ದಿನ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಮೂರನೇ ದಿನ ಬೆಳಿಗ್ಗೆ ಚಹಾ ಕುಡಿಯುವಾಗ, "ನಾ ಇನ್ನ ಹಿಂದ ಬರೂದಿಲ್ಲ. ಆದ್ರ ಎಲ್ಲಿ ಹೋಗ್ತಿ ಅಂತ ಖರೇ ಹೇಳಿ ಹೋಗು" ಎಂದರು. ಒಪ್ಪಿದೆ. ಅಂದಿನಿಂದ ಹಾಗೇ ನಡೆದುಕೊಂಡು ಬಂದಿದ್ದೇನೆ.

ಚಾಚಾ ಟೈರು ಬಿಚ್ಚಿ ನೋಡಿದರು. ಟೈರು ಉಳಿಯುವಂತಿರಲಿಲ್ಲ, ಹೊಸದು ತರಿಸಬೇಕಾಯಿತು. ಫೋಮಿನ ಒಂದು ಮಗ್ಗುಲು ಅಲ್ಲಲ್ಲಿ ಕಿತ್ತುಹೋಗಿತ್ತು. ರಿಮ್ಮನ್ನು ತಿರುಗಿಸಿ ಒಂದು ಕಣ್ಣು ಮುಚ್ಚಿ ನೋಡಿ, "ಹಳೇ ನೆಗ್ಗು ಬಿಟ್ರ ಹೊಸಾದು ಒಂದೂ ಇಲ್ರಿ" ಎಂದರು. ಅವರ ಧ್ವನಿಯಲ್ಲಿ ಹೆಮ್ಮೆ ಇತ್ತು. ಈಗ ಗಣೇಶಗುಡಿಯ ಎರಡು ಹೋಂಸ್ಟೇಗಳವರು ತಮ್ಮ ಬಾಡಿಗೆ ಸೈಕಲ್ಲುಗಳಿಗೆ ಫೋಮು ಹಾಕಿಸಲು ಅವರಲ್ಲಿಗೇ ಬರುತ್ತಾರೆ. ಬಂದವರಿಗೆ ಚಾಚಾ ಮೊದಲು ಹೇಳುವುದು ಇದು ಪಂಚರ್ ತಡೆಯುವುದಿಲ್ಲ ಎಂದು. ಆಮೇಲೆ ಬೇಕೋ ಬೇಡವೋ ಎಂದು ಕೇಳುತ್ತಾರೆ.

ನಾನು ಅವರಲ್ಲಿ ಒಂದೇ ಕೇಳಿಕೊಂಡೆ: ಟೈರು ಬಿಚ್ಚುವುದನ್ನು, ಹಾಕುವುದನ್ನು ನನಗೆ ಕಲಿಸಿಕೊಡಿ ಎಂದು. ಎರಡು ಶನಿವಾರ ಅಂಗಡಿಯ ಗೋಣಿಚೀಲದ ಮೇಲೆ ಕೂತೆ. ಮೊಣಕಾಲು, ಬೆಲ್ಟು, ಎಡಗೈ. ಬಲಗೈಗೆ ಕೆಲಸ ಆದಷ್ಟು ಕಡಿಮೆ. ಎರಡನೇ ಶನಿವಾರ ಒಬ್ಬಳೇ ಬಿಚ್ಚಿ, ಫೋಮು ತೆಗೆದು, ಟ್ಯೂಬ್ ಹಾಕಿ ಟೈರು ಕೂರಿಸಿದೆ. ನಲವತ್ತು ನಿಮಿಷ ಹಿಡಿಯಿತು. ಚಾಚಾ ಒಂದು ಸಲವೂ ಕೈ ಹಾಕಲಿಲ್ಲ.

"ಆತು. ಈಗ ಅದನ್ನ ತಗೀರಿ, ಇನ್ನೊಮ್ಮೆ ಮಾಡ್ರಿ" ಎಂದು ಹೇಳಿ, ಹೊರಗೆ ಬಂದು ನಿಂತ ಲಾರಿಯ ಕಡೆಗೆ ಹೋದರು.