ತವರೂರಿನ ಖಾನೆ

ಟ್ರಂಕಿನಿಂದ ಕಂಬಳಿ ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಕೊಟ್ಟೂರಿನ ದವಾಖಾನೆಯಲ್ಲಿ ಚೀಟಿ ಬೀರು ತೆರೆದರೂ ಇದೇ ವಾಸನೆ. ರಟ್ಟಿನ ಚೀಟಿಗಳನ್ನು ಹುಳ ತಿನ್ನದಿರಲೆಂದು ಚೀಟಿ ಅಕ್ಕ ಖಾನೆಗೊಂದು ಗುಳಿಗೆ ಹಾಕುತ್ತಿದ್ದಳು. ನಾನಲ್ಲಿ ಕಸ ಹೊಡೆಯುತ್ತಿದ್ದೆ. ಅವಳು ಬಾಗಿಲ ಪಕ್ಕ ಕೂತು, ಬಂದ ರೋಗಿಯ ಹಳೆಯ ಚೀಟಿ ಹುಡುಕಿ ಡಾಕ್ಟರಿಗೆ ಕೊಡುತ್ತಿದ್ದಳು. ಬಾಯಿ ಜೋರು.

ಮೊದಲು ಚೀಟಿಗಳನ್ನು ಹೆಸರಿನ ಮೇಲೆ ಇಡುತ್ತಿದ್ದರು. ನಮ್ಮ ಕಡೆ ಕೊಟ್ಟೂರು ಸ್ವಾಮಿಯ ಹೆಸರಿಡದ ಮನೆಯಿಲ್ಲ. ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಎಲ್ಲ ಒಂದೇ ಖಾನೆಯಲ್ಲಿ ತುರುಕಿಕೊಂಡು, ಉಳಿದವು ಖಾಲಿ ಬಿದ್ದಿದ್ದವು. "ಕೊಟ್ರವ್ವ ಅಂತ ಕೂಗಿದ್ರ ಬೆಂಚಿಗೆ ಬೆಂಚೇ ಎದ್ದು ನಿಲ್ತೈತಿ" ಎಂದು ಬೈದುಕೊಂಡು, ಒಂದು ಭಾನುವಾರ ಅಷ್ಟನ್ನೂ ನೆಲಕ್ಕೆ ಸುರಿದು ಊರಿನ ಮೇಲೆ ವಿಂಗಡಿಸಿದಳು. ಆಮೇಲೆ ಚೀಟಿ ಬೇಗ ಕೈಗೆ ಸಿಗುತ್ತಿತ್ತು.

ಒಂದು ದಿನ ನಮ್ಮ ಹತ್ತಿರದ ಅರಸೀಕೆರೆ ಹಳ್ಳಿಯಿಂದ ಒಬ್ಬ ಬಾಣಂತಿಯನ್ನು ಹೊತ್ತು ತಂದರು. ಅವಳೂ ಕೊಟ್ರಮ್ಮನೇ. ಮೈ ಸುಡುತ್ತಿತ್ತು, ಮಾತಿರಲಿಲ್ಲ. ಡಾಕ್ಟರು ಸೂಜಿಗೆ ಔಷಧಿ ಎಳೆದುಕೊಂಡರು. ಆಗ ಅವಳ ತಾಯಿ, "ಹಿಂದ ಇಲ್ಲೇ ಒಂದು ಸೂಜಿಗೆ ಮೈಯೆಲ್ಲಾ ಬಾತು ಉಸುರು ಕಟ್ಟಿತ್ತಂತ್ರಿ. ಯಾವ ಸೂಜಿನೋ, ನಾ ಇರಲಿಲ್ರಿ" ಎಂದಳು.

ಡಾಕ್ಟರು ಕೈ ತಡೆದರು. ಅಕ್ಕ ಅರಸೀಕೆರೆಯ ಖಾನೆ ಜಾಲಾಡಿದಳು. ಇಲ್ಲ. ಮತ್ತೆ ಮೊದಲಿಂದ ಶುರು ಮಾಡಿದಳು. ಹುಡುಗಿಯ ಕಣ್ಣು ಮೇಲಾಗುತ್ತಿತ್ತು.

"ಅಕ್ಕ, ಬಾಣಂತಿ ತವರಾಗ ಅದಾಳ. ಚೀಟಿ ಗಂಡನೂರಾಗ ಇರ್ತೈತಿ. ಕೊಟ್ಟ ಊರು ಕೇಳು" ಎಂದೆ.

"ಬಾಗಳಿರಿ" ಎಂದಳು ತಾಯಿ.

ಬಾಗಳಿಯ ಖಾನೆಯಲ್ಲಿ ಚೀಟಿ ಇತ್ತು. ಕೊಡಬಾರದೆಂದು ಕೆಂಪು ಮಸಿಯಲ್ಲಿ ಬರೆದ ಔಷಧಿ, ಡಾಕ್ಟರ ಕೈಯಲ್ಲಿದ್ದದ್ದೇ. ಅದನ್ನು ಚೆಲ್ಲಿ ಬೇರೆ ಕೊಟ್ಟರು. ಹುಡುಗಿ ಉಳಿದಳು.

ಮರುದಿನದಿಂದ ಅಕ್ಕ ಮದುವೆಯಾದ ಹೆಂಗಸರಿಗೆ ಎರಡೆರಡು ಚೀಟಿ ಮಾಡತೊಡಗಿದಳು. ಗಂಡನೂರಿನ ಖಾನೆಯಲ್ಲಿ ದೊಡ್ಡದು; ತವರೂರಿನ ಖಾನೆಯಲ್ಲಿ, ಇಂಥ ಊರಲ್ಲಿ ನೋಡಿ ಎಂದು ಬರೆದ ಒಂದು ತುಂಡು. ಕೆಲಸ ಹೆಚ್ಚಿತು, ಬಾಗಿಲಲ್ಲಿ ಸಾಲು ಬೆಳೆಯಿತು. ಡಾಕ್ಟರು ಸಿಡುಕಿದರೆ, "ಈಗ ಬರಿಯೋ ಹೊತ್ತು ಆಮ್ಯಾಲೆ ಹುಡುಕೋದ್ರಾಗ ಉಳಿತೈತಿ, ಸುಮ್ಮಕಿರ್ರಿ" ಎನ್ನುತ್ತಿದ್ದಳು. ಗಂಡಸರಿಗೆ ಯಾಕಿಲ್ಲ ಎಂದು ನಾನು ಕೇಳಿದ್ದಕ್ಕೆ, "ಅವ್ರು ಎಲ್ಲಿಗೆ ಹೋಗ್ತಾರ ತಂಗಿ, ಹುಟ್ಟಿದ ಮನಿ ಕಟ್ಟಿ ಮ್ಯಾಲೇ ಕುಂತಿರ್ತಾರ" ಎಂದು ನಕ್ಕಳು.

ಅವಳು ಗಂಡನನ್ನು ಬಿಟ್ಟು ಬಂದವಳು. ತವರಿಗೂ ಹೋಗದೆ ದವಾಖಾನೆಯ ಹಿಂದಿನ ಖೋಲಿಯಲ್ಲೇ ಇದ್ದಳು. ಊರು ಕೇಳಿದರೆ ಮಾತು ತಿರುಗಿಸುತ್ತಿದ್ದಳು... ಸತ್ತಾಗ, ಸುದ್ದಿ ಯಾವ ಊರಿಗೆ ಮುಟ್ಟಿಸಬೇಕೆಂದು ಡಾಕ್ಟರು ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. ಖಾನೆಗಳನ್ನೆಲ್ಲ ತೆಗೆದು ನೋಡಿದರು. ಅವಳದು ಎಲ್ಲೂ ಇರಲಿಲ್ಲ. ನಾವೇ ಮಣ್ಣು ಮಾಡಿದೆವು.

ಈಗ ಅಲ್ಲಿ ಕಂಪ್ಯೂಟರ್ ಇದೆ. ಮೊನ್ನೆ ಮಂಡಿನೋವಿಗೆ ಹೋದಾಗ ಅದರ ಮುಂದೆ ಕೂತ ಹುಡುಗಿ ಫೋನ್ ನಂಬರ್ ಕೇಳಿದಳು. ಸಿಮ್ ಬದಲಾಯಿಸಿದ್ದೆ, ಸಿಗಲಿಲ್ಲ. ಹೆಸರು ಹೊಡೆದಳು, ಪರದೆ ತುಂಬ ನನ್ನಂಥ ಕೊಟ್ರಮ್ಮಂದಿರು. ನಾನು ಗಂಡನೂರು, ತವರೂರು ಎರಡೂ ಹೇಳಿದೆ.

"ಒಂದೇ ಸಾಕು ಅಜ್ಜಿ" ಎಂದಳು.

ಕಂಬಳಿಯನ್ನು ಬಿಸಿಲಿಗೆ ಹಾಕಿದ್ದೇನೆ. ಸಂಜೆಗೆ ವಾಸನೆ ಹೋಗುತ್ತದೆ. ಚೀಟಿ ಅಕ್ಕನ ಊರು ಯಾವುದೋ... ಇನ್ನು ಕೇಳಲು ಯಾರೂ ಇಲ್ಲ.