ಬೇಳೆ ಬೇಯಿಸಿ ಊರು ನೋಡಿದ ಅತ್ತೆ

ನಮ್ಮ ಅತ್ತೆಯ ಮುಂದಿನ ಹಲ್ಲೊಂದು ತುದಿ ಸವೆದು ಓರೆಯಾಗಿತ್ತು. ಜೋಳ ಒಣಗಿದೆಯೋ ಇಲ್ಲವೋ ಎಂದು ಕಾಳು ಕಡಿದು ಕಡಿದು ಆದದ್ದು. ರೋಣದ ಪೇಟೆಯಲ್ಲಿ ನಮ್ಮದು ಕಾಳುಕಡಿಯ ಅಂಗಡಿ. ಮಾವ ತೀರಿಕೊಂಡ ಮೇಲೆ ಗಾದಿಯ ಮೇಲೆ ಕೂತದ್ದು ನನ್ನ ಗಂಡನಾದರೂ, ಚೀಲ ಬಿಚ್ಚಿದಾಗ ಮೊದಲ ಕಾಳು ಅತ್ತೆಯ ಬಾಯಿಗೇ ಹೋಗಬೇಕು. ಕಟ್ ಎಂದರೆ ಮಾಲು ಒಳಗೆ, ಇಲ್ಲದಿದ್ದರೆ ಬಿಸಿಲಿಗೆ. ಆ ಹಲ್ಲಿನಿಂದಾಗಿ ಅವರು ನಕ್ಕಾಗಲೆಲ್ಲ ಯಾರನ್ನೋ ಗೇಲಿ ಮಾಡುತ್ತಿರುವಂತೆ ಕಾಣುತ್ತಿತ್ತು. ಎಷ್ಟೋ ಸಲ ಅದು ನಿಜವಾಗಿಯೂ ಗೇಲಿಯೇ ಆಗಿರುತ್ತಿತ್ತು, ಹೆಚ್ಚಾಗಿ ನನ್ನದು.

ಲಾಕ್‌ಡೌನ್ ಆದಾಗ ಆ ನಗು ನಿಂತಿತು. ಅಂಗಡಿಯಲ್ಲಿದ್ದ ಮಾಲು ನೋಡನೋಡುತ್ತ ಖಾಲಿಯಾಯಿತು, ಲಾರಿಗಳು ಬರಲಿಲ್ಲ. ಮನೆಯೊಳಗೆ ನೋಡಿದರೆ ಡಬ್ಬಿಯ ತಳದಲ್ಲಿ ಒಂದಿಷ್ಟು ಹಿಟ್ಟು. ಬೇಕಾದಾಗ ಅಂಗಡಿಯಿಂದ ತಂದರಾಯಿತು ಎಂದುಕೊಂಡು ನಾವು ಮನೆಗೆಂದು ಕಾಳು ತುಂಬಿಟ್ಟವರೇ ಅಲ್ಲ. ಪಕ್ಕದ ಓಣಿಗೆ ಹೋಗಿ ಜೋಳ ಕೇಳಿ ತರುವ ಪಾಳಿ ನನಗೇ ಬಂತು. ಅಂದು ರೊಟ್ಟಿ ಮುರಿಯುತ್ತ ಅತ್ತೆ ಹೇಳಿದರು: “ಊರಿಗೆಲ್ಲಾ ಕಾಳ ಮಾರಿದ್ವಿ, ನಮ್ಮ ಒಲಿಗೆ ಕಾಳಿಲ್ಲ. ಇನ್ನ ಹಿಂಗ ನಡಿಯೂದಿಲ್ಲ. ಎಲ್ಲಾ ಬಂದ್ ಆದ್ರೂ ಒಂದ ವರ್ಷ ಕುಂತ ಉಣ್ಣೂವಂಥ ಮನಿ ಮಾಡ್ತೀನಿ.”

ಅವರ ಹೆಸರಿನಲ್ಲಿದ್ದದ್ದು ಗಜೇಂದ್ರಗಡದಲ್ಲಿ ತವರಿನವರು ಕೊಟ್ಟಿದ್ದ ಒಂದು ಜಾಗ ಮಾತ್ರ. ಅದನ್ನು ಮಾರಿ ಹೊಲ ಕೊಳ್ಳಬೇಕು, ಹೊಲದಲ್ಲೇ ಮನೆ ಕಟ್ಟಬೇಕು ಎಂದು ಹಟ ಹಿಡಿದರು. ನನ್ನ ಗಂಡನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಹೊಲ ಕೈಕೊಟ್ಟರೆ ಜಾಗವೂ ಹೋಯಿತು, ಇನ್ನೊಂದು ಸಲ ಆರಿಸಲು ನಮ್ಮ ಹತ್ತಿರ ಏನೂ ಉಳಿಯುವುದಿಲ್ಲ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅತ್ತೆ ಮಗನೊಂದಿಗೆ ವಾದಕ್ಕೆ ಇಳಿಯಲಿಲ್ಲ. ಸ್ಕೂಟರಿನ ಕೀಲಿ ನನ್ನ ಕೈಗಿಟ್ಟು ನಡಿ ಎಂದರು.

ಬಂದ್ ಎಲ್ಲ ಮುಗಿದ ಮೇಲಿನ ಬೇಸಿಗೆಯಿಡೀ ತಿರುಗಿದೆವು. ಮಳೆಗಾಲದಲ್ಲಿ ಯಾವ ಊರಾದರೂ ಚಂದ ಕಾಣುತ್ತದೆ, ನೋಡುವುದಾದರೆ ಬಿಸಿಲಿನಲ್ಲೇ ನೋಡಬೇಕು ಎನ್ನುವುದು ಅವರ ಲೆಕ್ಕ. ಸೆರಗಿನ ತುದಿಯಲ್ಲಿ ಒಂದು ಹಿಡಿ ತೊಗರಿಬೇಳೆಯ ಗಂಟು ಇರುತ್ತಿತ್ತು. ಹೊಲ ನೋಡಿದ ಮೇಲೆ ಹತ್ತಿರದ ಮನೆಗೆ ಹೋಗಿ, ನಿಮ್ಮ ನೀರಿನಲ್ಲಿ ಇದನ್ನಿಷ್ಟು ಬೇಯಿಸಿ ಕೊಡಿ ಎಂದು ಕೇಳುವುದು. ಸವಳು ನೀರಾದರೆ ಬೇಳೆ ಎಷ್ಟು ಕುದಿಸಿದರೂ ಗಟ್ಟಿಯಾಗೇ ಉಳಿಯುತ್ತದೆ, ಸಿಹಿನೀರಾದರೆ ಕರಗುತ್ತದೆ. ಬಾಟಲಿಯಲ್ಲಿ ನೀರು ತುಂಬಿ ಪರೀಕ್ಷೆಗೆ ಕಳಿಸಬಹುದಲ್ಲ ಎಂದೆ. ದಿನಾ ಅಡುಗೆ ಮಾಡುವವರು ಆ ಪರೀಕ್ಷೆಯವರಲ್ಲ, ನೀನು ಎಂದರು.

ಶಿರೋಳದಲ್ಲಿ ಹೊಲದವನು ಮಣ್ಣಿಗಿಂತ ಹೆಚ್ಚು ಕಾಲುವೆಯನ್ನೇ ಹೊಗಳಿದ. ನೀರು ಬಿಡುವವರು ಯಾರು ಎಂದು ಅತ್ತೆ ಕೇಳಿದರು. ಮೇಲಿನವರು ಎಂದ. ಮೇಲಿನವರ ದಾರಿ ಕಾಯುವುದಾದರೆ ಪೇಟೆಯಲ್ಲೇ ಕೂತು ಕಾಯಬಹುದಿತ್ತು ಎಂದು ಸ್ಕೂಟರ್ ಹತ್ತಿದರು. ಬೇಳೆಯ ಗಂಟು ಬಿಚ್ಚಲೂ ಇಲ್ಲ. ಪುರ್ತಗೇರಿಯಲ್ಲಿ ಬೇಳೆ ಬೆಣ್ಣೆಯಂತೆ ಬೆಂದಿತು. ಆದರೆ ನಾವು ನೋಡಿದ ಹೊಲ ಕೆಂಪು ಮಸಾರಿ ನೆಲ, ಹಿಂಗಾರಿ ಜೋಳಕ್ಕೆ ಬೇಕಾದಷ್ಟು ದಿನ ತೇವ ಹಿಡಿಯುವಂಥದಲ್ಲ. ನನಗೆ ಗುಡ್ಡದ ಕಡೆಯ ಗಾಳಿ ಬಹಳ ಹಿಡಿಸಿತ್ತು, ಗಾಳಿ ಎಷ್ಟು ಚೆನ್ನಾಗಿದೆ ಎಂದೆ. “ಗಾಳಿ ರೊಟ್ಟಿಗಿ ಹಚಗೊಂಡ ತಿಂತೀಯೇನ?” ಎಂದರು.

ಮುಶಿಗೇರಿಯ ಹತ್ತಿರದ ಹೊಲ ಅಪ್ಪಟ ಎರೆ, ತೇವ ಹಿಡಿದಿಡುವ ಕಪ್ಪು ಮಣ್ಣು. ಕೊಯ್ದ ಜೋಳದ ಕೂಳೆ ಬೆರಳುಗಾತ್ರ ನಿಂತಿತ್ತು. ಪಕ್ಕದ ಹೊಲದಲ್ಲೇ ಮನೆ ಮಾಡಿಕೊಂಡಿದ್ದ ಹೆಂಗಸು ಬೇಳೆ ಇಸಿದುಕೊಂಡು ಒಳಗೆ ಹೋದರು. ಬೇಳೆ ಹದವಾಗಿ ಬೆಂದು ಬಂತು. ಅತ್ತೆಯ ಮುಖ ಅರಳಿತು, ಮಾರನೆಯ ದಿನವೇ ಮುಂಗಡ ಕೊಡುವ ಮಾತಾಯಿತು. ಹೊರಡುವಾಗ ಕೈ ತೊಳೆಯಲೆಂದು ಅತ್ತೆ ಆ ಮನೆಯ ಬೋರಿನ ನಲ್ಲಿ ತಿರುಗಿಸಿ ಬಾಯಿ ಮುಕ್ಕಳಿಸಿದವರು ತಟ್ಟನೆ ಉಗುಳಿದರು. ಉಪ್ಪು.

ಬೇಳೆ ಬೇಯಿಸಿದ್ದು ಯಾವ ನೀರಿನಲ್ಲಿ ಎಂದು ಕೇಳಿದಾಗ ಆ ಹೆಂಗಸು ಗಾಬರಿಯಾದರು. ಊರೊಳಗಿನ ಶುದ್ಧ ನೀರಿನ ಘಟಕದಿಂದ ಮನೆಮಂದಿಗೆ ಕುಡಿಯಲೆಂದು ಹೊತ್ತು ತಂದಿದ್ದ ಒಂದೇ ಕ್ಯಾನಿನಿಂದ ನಮ್ಮ ಬೇಳೆಗೆ ನೀರು ಸುರಿದಿದ್ದರು. “ಮನಿಗಿ ಬಂದವ್ರಿಗೆ ಸವಳ ನೀರಾಗ ಹ್ಯಾಂಗ ಬೇಯ್ಸಿ ಕೊಡೂದ್ರಿ ಅಕ್ಕಾರ?” ಎಂದರು.

ಈ ಊರಿನ ಕತೆಯೂ ಮುಗಿಯಿತು ಎಂದು ನಾನು ಸ್ಕೂಟರ್ ಚಾಲೂ ಮಾಡಿದೆ. ಅತ್ತೆ ಹತ್ತಲಿಲ್ಲ. ಬದುವಿನ ಮೇಲೆ ಕೂತು ಬಹಳ ಹೊತ್ತು ಹೊಲ ನೋಡಿದರು. ಆಮೇಲೆ ಅಂದರು: “ಇದನ್ನ ತಗೊಳ್ಳೂಣು. ಸಿಹಿನೀರ ಬೇಕಂದ್ರ ಮಳಿ ಐತಿ, ತೋಡಿ ಹಿಡಿಯೂಣು. ಇಂಥಾ ಮಂದಿ ಎಲ್ಲಿ ತೋಡಿದ್ರ ಸಿಗತಾರ?”

ನನಗೆ ಸಿಟ್ಟು ಬಂತು. ಇಷ್ಟು ದಿನ ಬಿಸಿಲಲ್ಲಿ ತಿರುಗಿಸಿ ಕೊನೆಗೆ ಉಪ್ಪುನೀರಿಗೆ ತಂದು ನಿಲ್ಲಿಸಿದರಲ್ಲ! ದಿನಾ ಅಡುಗೆ ಮಾಡುವವಳು ನಾನು ಎಂದು ಅವರ ಮಾತನ್ನೇ ಅವರಿಗೆ ತಿರುಗಿಸಿದೆ. ಅದಕ್ಕೇ ಮೊದಲು ನೀರಿನ ತೊಟ್ಟಿ, ಆಮೇಲೆ ಮನೆ ಎಂದರು. ಹಾಗೆಯೇ ಮಾಡಿದರು. ಚಾವಣಿಯ ಮಳೆನೀರು ನೆಲದೊಳಗಿನ ಸಿಮೆಂಟಿನ ತೊಟ್ಟಿಗೆ, ಹೊಲದ ನೀರು ಕೃಷಿಹೊಂಡಕ್ಕೆ. ಮನೆ ಎದ್ದ ಮೇಲೆ ಎಲ್ಲರೂ ಅಲ್ಲಿಗೇ ಬಂದು ನೆಲೆಸಿದೆವು. ಮೊದಲ ವರ್ಷ ಮಳೆ ತಡವಾಗಿ ಟ್ಯಾಂಕರ್ ತರಿಸಬೇಕಾಯಿತು. ನನ್ನ ಗಂಡ ಟ್ಯಾಂಕರಿನವನಿಗೆ ಅತ್ತೆಯ ಎದುರಿಗೇ ದುಡ್ಡು ಎಣಿಸಿ ಕೊಟ್ಟರು, ಅದೇ ಅತ್ತೆಗೆ ಚುಚ್ಚಿತು. ಮರುವಾರವೇ ಆಳು ಕರೆಸಿ ಇನ್ನೊಂದು ತೊಟ್ಟಿ ತೋಡಿಸಿದರು. ಆ ವರ್ಷದ ಹಿಂಗಾರಿ ಅಷ್ಟಕ್ಕಷ್ಟೇ. ಮುಂದಿನದಕ್ಕೆ ಬಿಳಿಜೋಳ, ಕಡಲೆ, ಕುಸುಬೆ ಎಲ್ಲವೂ ಮನೆ ಸೇರಿದವು. ಬೇವಿನ ಸೊಪ್ಪು ಹಾಕಿ ಕೋಣೆಯ ತುಂಬ ಕಾಳು ತುಂಬಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತು, ಈಗ ಬಂದ್ ಮಾಡಲಿ ನೋಡೋಣ ಎಂದು ನಕ್ಕರು. ಆ ಗೇಲಿ ಯಾರ ಮೇಲಿನದೋ ನನಗೆ ಗೊತ್ತಾಗಲಿಲ್ಲ, ಆದರೆ ನಾನೂ ನಕ್ಕೆ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಬೆಳಗ್ಗೆ ಅವರು ಏಳಲಿಲ್ಲ. ಅವರು ಆರಿಸಿದ ಹೊಲದಲ್ಲೇ ಮಣ್ಣು ಮಾಡಿದೆವು.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ನಾವು ಮಣ್ಣು ಮಾಡಿ ಬಂದು ಸುಮ್ಮನೆ ಕೂತಿದ್ದಾಗ ಅಕ್ಕಪಕ್ಕದ ಹೊಲಗಳಿಂದ, ಊರೊಳಗಿನಿಂದ ಹೆಂಗಸರು ಬುಟ್ಟಿ ಹೊತ್ತು ಬಂದರು. ರೊಟ್ಟಿ, ಪಲ್ಯ, ಬಿಸಿ ಸಾರು. ಯಾರೂ ಹೇಳಿ ಕಳಿಸಿದ್ದಲ್ಲ. ಪಕ್ಕದ ಹೊಲದ ಆ ಹೆಂಗಸು ನನ್ನ ಗಂಡನ ಮುಂದೆ ತಾಟು ಇಟ್ಟು, “ಉಣ್ಣೋ ತಮ್ಮಾ, ನಿಮ್ಮವ್ವ ಉಪವಾಸ ಇರಾಕ ಬಿಡತಿದ್ದಿಲ್ಲ” ಎಂದರು. ಈ ಹೊಲವೇ ಬೇಡ ಎಂದಿದ್ದ ಮನುಷ್ಯ ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಒಂದು ವರ್ಷಕ್ಕಾಗುವಷ್ಟು ಕಾಳು ನಮ್ಮ ಬೆನ್ನ ಹಿಂದಿನ ಕೋಣೆಯಲ್ಲೇ ಇತ್ತು. ಆ ದಿನಗಳಲ್ಲಿ ಅದಕ್ಕೆ ಕೈ ಹಚ್ಚುವ ಪ್ರಸಂಗವೇ ಬರಲಿಲ್ಲ.